ತಾಯಿಕೋಳಿ ಮಾಡುವುದು, ನಾವು ಮಾಡಬೇಕಾದುದು

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ ಮನೆಯ ಹಿಂದೆ ನಾಲ್ಕಾರು ಕೋಳಿ ಕಟ್ಟಿಕೊಂಡವರು ಸಾಕಷ್ಟು ಮಂದಿ ಇದ್ದಾರೆ. ಬಾಲಾನಗರ, ಜೀಡಿಮೆಟ್ಲ, ಉಪ್ಪಲ್ ಕಡೆ ದುಡಿಯುವವರು, ಊರಂಚಿನಲ್ಲಿ ಅಂಗಳವಿರುವ ಬಾಡಿಗೆ ಮನೆ ಹಿಡಿದವರು, ಬೀದರ, ಕಲಬುರ್ಗಿ, ರಾಯಚೂರು ಕಡೆಯಿಂದ ಬರುವಾಗಲೇ ಬುಟ್ಟಿಯಲ್ಲಿ ಒಂದು ಹೇಂಟೆಯನ್ನು ತಂದವರು. ಕೋಳಿಯ ಮಾತು ಬಂದರೆ ಅವರಲ್ಲಿ ಹೆಚ್ಚಿನವರದು ಒಂದೇ ಅಳಲು: ಹನ್ನೊಂದು ಮರಿಯಾದವು, ತಿಂಗಳು ತುಂಬುವುದರೊಳಗೆ ಎರಡು ಉಳಿದವು. ಕೆಲವನ್ನು ಕಾಗೆ ಒಯ್ದಿತು, ಕೆಲವು ಮಳೆಯಲ್ಲಿ ನೆನೆದು ಸತ್ತವು, ಉಳಿದವು ತೂಕಡಿಸುತ್ತ ನಿಂತಲ್ಲಿಯೇ ಬಿದ್ದವು. ಕೊನೆಗೆ 'ಈ ಹೇಂಟೆಯ ಕಾಲ್ಗುಣ ಸರಿಯಿಲ್ಲ' ಎಂದು ಅದನ್ನು ಕೊಯ್ದು ತಿಂದದ್ದೂ ಉಂಟು.

ಹೇಂಟೆಯ ಕಾಲ್ಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ನಾವು ಕಂಡಂತೆ ಬಹಳ ಮನೆಗಳಲ್ಲಿ ಕೆಲಸದ ಹಂಚಿಕೆ ತಿರುವುಮುರುವಾಗಿದೆ. ತಾಯಿಗೆ ಚೆನ್ನಾಗಿ ಗೊತ್ತಿರುವ ಕೆಲಸದಲ್ಲಿ ನಾವು ಕೈಹಾಕಿ ಕೆಡಿಸುತ್ತೇವೆ. ಅದರಿಂದ ಎಂದೂ ಆಗದ ಕೆಲಸವನ್ನು ಅದಕ್ಕೇ ಬಿಟ್ಟು ನಿಶ್ಚಿಂತರಾಗಿರುತ್ತೇವೆ. ಯಾವುದು ತಾಯಿಯ ಪಾಲು, ಯಾವುದು ನಮ್ಮ ಪಾಲು ಎಂಬುದನ್ನು ಈ ಲೇಖನದಲ್ಲಿ ಬಿಡಿಸಿ ಹೇಳಬಯಸುತ್ತೇವೆ. ಮಾಂಸ ಮೊಟ್ಟೆ ಮುಟ್ಟದ ಬಂಧುಗಳು ಪುಟ ಮಗುಚಬಹುದು. ಆದರೂ ನಡುವಿನಲ್ಲಿ ತಾಯಿ ಮರಿಗಳ ಮಾತುಕತೆಯ ವಿಷಯ ಬರುತ್ತದೆ. ಅದನ್ನು ಓದುವುದಕ್ಕೆ ಮಡಿಯ ಅಡ್ಡಿಯೇನೂ ಇಲ್ಲ.

ಪಾಳಿಯ ಕೆಲಸದವನಿಗೆ ಕೋಳಿಮರಿ ಸಾಕಲು ಬಿಡುವೆಲ್ಲಿ ಎಂದು ಕೇಳುವವರಿದ್ದಾರೆ. ಬಿಡುವಿಲ್ಲದವನಿಗೇ ತಾಯಿಕೋಳಿ ಬೇಕು. ಹೈದರಾಬಾದಿನ ಸುತ್ತಲಿನ ದೊಡ್ಡ ಫಾರಂಗಳಲ್ಲಿ ಮರಿಗಳಿಗೆ ತಾಯಿಯಿಲ್ಲ. ಅಲ್ಲಿ ಕೃತಕ ಕಾವು ಕೊಡುತ್ತಾರೆ. ಮೊದಲ ವಾರ ಸುಮಾರು 35 ಡಿಗ್ರಿ ಸೆಂಟಿಗ್ರೇಡ್, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತ, ಮೈಮೇಲೆ ಗರಿ ಬರುವವರೆಗೂ ಹಗಲಿರುಳು ಒಬ್ಬರು ಗಮನ ಇಡಬೇಕು. ಕರೆಂಟು ಹೋದರೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತವೆ. ಮನೆಯಲ್ಲಿ ಬಲ್ಬು ತೂಗಹಾಕಿ ಸಾಕುತ್ತೇವೆನ್ನುವವರು ಒಂದು ಮಾತು ನೆನಪಿಡಬೇಕು: ಹಿಂದಿನ ತಂತಿಯ ಬಲ್ಬು ಬೆಳಕಿಗಿಂತ ಕಾವನ್ನೇ ಹೆಚ್ಚು ಕೊಡುತ್ತಿತ್ತು, ಈಗಿನ ಎಲ್‌ಇಡಿ ಬಲ್ಬಿನಿಂದ ಮರಿಗೆ ಕಾವು ಸಿಗುವುದಿಲ್ಲ. ಇಷ್ಟೆಲ್ಲ ಪೇಚಾಟವನ್ನು ಒಂದು ನಾಟಿ ಹೇಂಟೆ ತನ್ನ ರೆಕ್ಕೆಯ ಕೆಳಗೆ ಮುಗಿಸಿಬಿಡುತ್ತದೆ. ಅದರ ಮೈಬಿಸಿ 41 ಡಿಗ್ರಿಯ ಆಸುಪಾಸು. ಚಳಿಯಾದ ಮರಿ ತಾನಾಗಿ ಒಳಗೆ ನುಗ್ಗುತ್ತದೆ, ಸೆಕೆಯಾದದ್ದು ಹೊರಗೆ ತಲೆ ಹಾಕುತ್ತದೆ.

ಆದರೆ ಎಲ್ಲ ಹೇಂಟೆಗಳೂ ಕಾವು ಕೂರುವುದಿಲ್ಲ. ಮೊಟ್ಟೆಯಿಟ್ಟು ಮುಗಿಸಿದ ಹೇಂಟೆಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ರಸ ಹೆಚ್ಚಾದಾಗ ಅದಕ್ಕೆ ಕಾವಿನ ಹುಚ್ಚು ಹಿಡಿಯುತ್ತದೆ. ಹಗಲೆಲ್ಲ ಗೂಡಿನಲ್ಲೇ ಕೂರುವುದು, ಮೈ ಉಬ್ಬಿಸಿ 'ಕುರ್ರ್' ಎನ್ನುವುದು, ಕೈ ಹಾಕಿದರೆ ಕುಕ್ಕುವುದು, ಮೇವು ಮರೆಯುವುದು ಇದರ ಗುರುತು. ಇಲ್ಲಿಯ ದಖ್ಖನಿ ಉರ್ದುವಿನಲ್ಲಿ ಇಂತಹದಕ್ಕೆ 'ಕುಡಕ್ ಮುರ್ಗಿ' ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಈ ಹೆಸರು ಬೈಗುಳದಂತೆ ಕೇಳುತ್ತದೆ, ಮೊಟ್ಟೆ ಕೊಡದ ಕೋಳಿ ಎಂಬರ್ಥದಲ್ಲಿ. ಮರಿ ಬೇಕಾದವನಿಗೆ ಅದೇ ಬೇಕಾದ ಕೋಳಿ. ತೆಲುಗು ನೆರೆಯವರು ಮರಿಗೆ 'ಪಿಲ್ಲ' ಎಂದರೆ ನಮ್ಮ 'ಪಿಳ್ಳೆ'ಯೇ ಅದು, ಬೇರೆ ಪ್ರಾಣಿಯಲ್ಲ.

ಹೆಚ್ಚು ಮೊಟ್ಟೆ ಕೊಡುವ ತಳಿಗಳನ್ನು ಬೆಳೆಸುವಾಗ ಈ ಕಾವಿನ ಗುಣವನ್ನೇ ಕಳೆದುಹಾಕಿದ್ದಾರೆ. ಏಕೆಂದರೆ ಕಾವು ಕೂತಷ್ಟು ದಿನ ಮೊಟ್ಟೆ ಇಲ್ಲ. ಬಿಳಿ ಲೆಗಾರ್ನ್ ಬಹುಮಟ್ಟಿಗೆ ಕೂರುವುದೇ ಇಲ್ಲ. ನಮ್ಮ ರಾಜೇಂದ್ರನಗರದಲ್ಲಿ 1988ರಲ್ಲಿ ಪ್ರಾರಂಭವಾದ ಕೇಂದ್ರ ಸರಕಾರದ ಕೋಳಿ ಸಂಶೋಧನಾ ಸಂಸ್ಥೆಯಿದೆ. ಅಲ್ಲಿಂದ ಬಂದ ವನರಾಜ, ಗ್ರಾಮಪ್ರಿಯ ತಳಿಗಳೂ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದ ಗಿರಿರಾಜ ತಳಿಯೂ ಹಿತ್ತಲಿಗೆಂದೇ ಮಾಡಿದವು. ಬಣ್ಣ ಬಣ್ಣದ ಗರಿ, ಒಳ್ಳೆಯ ಮೈ, ನಾಟಿ ಕೋಳಿಯ ಐವತ್ತು ಅರವತ್ತಕ್ಕೆ ಬದಲು ವರ್ಷಕ್ಕೆ ನೂರಕ್ಕೂ ಮೇಲೆ ಮೊಟ್ಟೆ. ಆದರೆ ಅವುಗಳ ಕೈಯಲ್ಲಿ ಕಾವು ಕೂರಿಸುವ ಆಸೆ ಇಟ್ಟುಕೊಳ್ಳಬಾರದು. ಆ ಕೆಲಸಕ್ಕೆ ಹಗುರ ಮೈಯ ನಾಟಿ ಹೇಂಟೆಯೇ ಬೇಕು, ಇಲ್ಲವೇ ತೆಲಂಗಾಣ ಆಂಧ್ರದಲ್ಲಿ ಹೆಸರಾದ ಅಸೀಲ್. ಅಸೀಲ್ ಹುಂಜವನ್ನು ಕಾಳಗಕ್ಕೆ ಬಿಟ್ಟು ಹಣ ಪಣವಿಡುವವರಿದ್ದಾರೆ. ಅದು ಕಾನೂನಿಗೂ ವಿರುದ್ಧ, ನಮ್ಮಂಥವರ ಜೇಬಿಗೂ ವಿರುದ್ಧ. ಅದೇ ತಳಿಯ ಹೇಂಟೆ ಮೊಟ್ಟೆ ಕಡಮೆ ಇಟ್ಟರೂ ತಾಯಿತನದಲ್ಲಿ ಗಟ್ಟಿ. ಮರಿಯ ಮೇಲೆ ಬಂದ ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತದೆ.

ಈಗ ಮೊಟ್ಟೆಯ ವಿಚಾರ. ಅಂಗಡಿಯಿಂದ ತಂದ ಫಾರಂ ಮೊಟ್ಟೆಯನ್ನು ಇಟ್ಟರೆ ಮರಿಯಾಗುವುದಿಲ್ಲ. ಅಲ್ಲಿ ಹುಂಜವೇ ಇರುವುದಿಲ್ಲ. ಹುಂಜ ಕೂಡಿದ ಮೊಟ್ಟೆಯೂ ಹೈದರಾಬಾದಿನ ಬೇಸಗೆಯಲ್ಲಿ ಕೆಡುವುದೇ ಹೆಚ್ಚು. ಮೊಟ್ಟೆಯೊಳಗಿನ ಜೀವ ಸುಮಾರು 21ರಿಂದ 24 ಡಿಗ್ರಿಗಿಂತ ತಂಪಿನಲ್ಲಿ ನಿದ್ರಿಸುತ್ತಿರುತ್ತದೆ. ಅದಕ್ಕಿಂತ ಬಿಸಿಯಾದರೆ ಅರೆಬರೆ ಎಚ್ಚತ್ತು, ಬೆಳೆಯಲು ತೊಡಗಿ, ಸಾಕಷ್ಟು ಕಾವು ಸಿಗದೆ ಸೊರಗಿ ಸಾಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ಹಗಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಮಾಡಿನ ಕೋಣೆಯಲ್ಲಿ ಕೇಳುವುದೇ ಬೇಡ. ಅಲ್ಲಿ ಹತ್ತು ಹನ್ನೆರಡು ದಿನ ಕೂಡಿಹಾಕಿದ ಮೊಟ್ಟೆಗಳು ಕಾವಿಗೆ ಇಡುವ ಮೊದಲೇ ಸತ್ತಿರುತ್ತವೆ. ಇದಕ್ಕೆ ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅಗಲ ಬಾಯಿಯ ಮಣ್ಣಿನ ಮಡಕೆಯನ್ನು ಒದ್ದೆ ಮರಳಿನಲ್ಲಿ ಅರ್ಧ ಹುಗಿದು, ಒಳಗೆ ಒಣ ಬಟ್ಟೆ ಹಾಸಿ, ಮೊಟ್ಟೆಯ ಮೊನಚು ತುದಿ ಕೆಳಗಾಗುವಂತೆ ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟುವುದು. ಮರಳಿಗೆ ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸಾಕು. ಹಾಗೆ ಇಟ್ಟರೂ ಬೇಸಗೆಯಲ್ಲಿ ನಾಲ್ಕು ದಿನ, ಚಳಿಗಾಲದಲ್ಲಿ ಒಂದು ವಾರ ಮೀರಬಾರದು. ಇಟ್ಟ ದಿನಾಂಕವನ್ನು ಸೀಸದಕಡ್ಡಿಯಿಂದ ಮೊಟ್ಟೆಯ ಮೇಲೆ ಬರೆಯುವುದು ಒಳ್ಳೆಯದು. ಮೊಟ್ಟೆಯನ್ನು ತೊಳೆಯಬಾರದು, ಚಿಪ್ಪಿನ ಮೇಲಿನ ಸಹಜವಾದ ಲೇಪ ಹೋದರೆ ಸೂಕ್ಷ್ಮ ರಂಧ್ರಗಳಿಂದ ರೋಗಾಣು ಒಳನುಗ್ಗುತ್ತದೆ. ನಮ್ಮನ್ನು ಕೇಳಿದರೆ ಬೇಸಗೆಯ ಕೂಡಿಕೆಯನ್ನು ತಿಂದುಬಿಡುವುದೇ ಲೇಸು. ಮಳೆಗಾಲ ಕಳೆದ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಕೂರಿಸಿದ ಕಾವು ಈ ಊರಿನಲ್ಲಿ ಚೆನ್ನಾಗಿ ಫಲಿಸುತ್ತದೆ.

ಕೂರಿಸುವ ಬುಟ್ಟಿಯ ತಳಕ್ಕೆ ಮರಳು ಅಥವಾ ಬೂದಿ, ಅದರ ಮೇಲೆ ಒಣ ಹುಲ್ಲು, ನಡುವೆ ಸ್ವಲ್ಪ ಬೇವಿನ ಸೊಪ್ಪು ಇರಲಿ. ಹೇನು ಹಿಡಿದ ಹೇಂಟೆ ತುರಿಕೆ ತಾಳಲಾರದೆ ಮೊಟ್ಟೆ ಬಿಟ್ಟು ಏಳುತ್ತದೆ. ಆ ಹೇನು ಮರಿಯ ತಲೆಗೂ ಹತ್ತುತ್ತದೆ. ಆದುದರಿಂದ ಕೂರಿಸುವ ಮೊದಲು ರೆಕ್ಕೆಯ ಅಡಿ, ಬಾಲದ ಬುಡ ನೋಡಿಕೊಳ್ಳಬೇಕು. ನಾಟಿ ಹೇಂಟೆಯ ಮೈಯಳತೆಗೆ ಹತ್ತು ಹನ್ನೆರಡು ಮೊಟ್ಟೆ ಹಿಡಿಸುತ್ತವೆ. ಆಸೆಬಿದ್ದು ಹದಿನೆಂಟು ಇಟ್ಟರೆ ಪ್ರತಿದಿನ ಬೇರೆ ಬೇರೆ ಮೊಟ್ಟೆ ಅಂಚಿಗೆ ಸರಿದು ತಣ್ಣಗಾಗಿ, ಹದಿನೆಂಟೂ ಅರೆಗೆಡುತ್ತವೆ. ಕತ್ತಲಾದ ಮೇಲೆ ಕೂರಿಸಬೇಕು. ಕತ್ತಲಲ್ಲಿ ಕೋಳಿ ತಂಟೆ ಮಾಡುವುದಿಲ್ಲ, ಬೆಳಗಾಗುವಷ್ಟರಲ್ಲಿ ಜಾಗಕ್ಕೆ ಹೊಂದಿಕೊಂಡಿರುತ್ತದೆ.

ಇಲ್ಲಿಂದ 21 ದಿನ ತಾಯಿಯ ಪಾಲು. ಎದೆಯ ಗರಿ ಉದುರಿ ಬರಿಯ ಚರ್ಮವೇ ಮೊಟ್ಟೆಗೆ ತಾಗುತ್ತದೆ. ದಿನಕ್ಕೆ ಹಲವು ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸಿ, ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ತರುತ್ತದೆ. ನಾವು ಹೊರಳಿಸುವ ಗೊಡವೆ ಬೇಡ. ದಿನಕ್ಕೊಮ್ಮೆ ಹೊರಗೆ ಬಂದು ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ, ಬೂದಿಮಣ್ಣಿನಲ್ಲಿ ಹೊರಳಾಡಿ, ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೆ ವಾಪಸು ಹೋಗುತ್ತದೆ. ಆ ಹೊತ್ತಿಗೆ ಕಾಳು ನೀರು ಸಿದ್ಧವಿರುವುದಷ್ಟೇ ನಮ್ಮ ಕೆಲಸ. ಕೆಲವು ಹೇಂಟೆ ಏಳದೆಯೇ ಬಡಕಲಾಗುತ್ತವೆ. ಅಂತಹದನ್ನು ಮೆಲ್ಲನೆ ಎತ್ತಿ ಹೊರಗಿಡಬೇಕು. ಏಳನೆಯ ರಾತ್ರಿ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡಿದರೆ, ಜೀವವಿದ್ದದ್ದರಲ್ಲಿ ಜೇಡನ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಗೊಡ್ಡು ಮೊಟ್ಟೆ ತಿಳಿಯಾಗಿರುತ್ತದೆ, ಅದನ್ನು ತೆಗೆದುಬಿಡಬಹುದು.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುವ ರೂಢಿ ನಮ್ಮ ಊರುಗಳಲ್ಲಿದೆ. ಗುಡುಗು ಬರುವುದು ಮುಂಗಾರಿಗೆ ಮುಂಚೆ, ಸೆಕೆ ಹೆಚ್ಚಾಗಿರುವ ದಿನಗಳಲ್ಲಿ. ಮೊಟ್ಟೆಯನ್ನು ಕೆಡಿಸುವುದು ಆ ಸೆಕೆ, ಗುಡುಗು ಕೆಟ್ಟ ಹೆಸರು ಹೊತ್ತುಕೊಳ್ಳುತ್ತದೆ. ಮೊಳೆಯೊಂದನ್ನು ಇಟ್ಟರೆ ನಷ್ಟವೇನಿಲ್ಲ. ಮನೆಯ ಹಿರಿಯರೊಡನೆ ಇದಕ್ಕಾಗಿ ಜಗಳ ಬೇಡ.

ಮರಿ ಹೊರಬೀಳುವ ಒಂದೆರಡು ದಿನ ಮುಂಚೆಯೇ ಚಿಪ್ಪಿನೊಳಗಿನಿಂದ ಚಿಂವ್‌ಗುಟ್ಟುತ್ತದೆ, ತಾಯಿ ಹೊರಗಿನಿಂದ ಮೆಲುದನಿಯಲ್ಲಿ ಉತ್ತರ ಕೊಡುತ್ತದೆ. ಪರಿಚಯ ಅಲ್ಲಿಂದಲೇ ಪ್ರಾರಂಭ. ಚಿಪ್ಪು ಒಡೆಯಲು ಅರ್ಧ ದಿನ, ಕೆಲವು ಸಲ ಇಡೀ ದಿನ ಹಿಡಿಯುತ್ತದೆ. ಮಕ್ಕಳು ಕನಿಕರಪಟ್ಟು ಚಿಪ್ಪು ಸುಲಿಯಲು ಹೋಗುವುದು ಈ ವೇಳೆಯಲ್ಲೇ. ಆಗ ಪೊರೆಯಲ್ಲಿ ಇನ್ನೂ ರಕ್ತ ಓಡಾಡುತ್ತಿರುತ್ತದೆ, ಹಳದಿಯ ಉಳಿಕೆ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಸುಲಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಆ ಹಳದಿಯ ಬುತ್ತಿಯಿಂದ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲುದು. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ದೂರದೂರಿಗೆ ಕಳಿಸಲು ಸಾಧ್ಯವಾಗಿರುವುದು ಈ ಕಾರಣದಿಂದಲೇ. ಮೊದಲು ಬಂದ ಮರಿಗಳಿಗೆ ಹಸಿವೆಂದು ಹೇಂಟೆಯನ್ನು ಎಬ್ಬಿಸಿದರೆ, ಇನ್ನೂ ಒಡೆಯಬೇಕಾದ ಮೊಟ್ಟೆಗಳು ತಣ್ಣಗಾಗುತ್ತವೆ.

ಇನ್ನು ತಾಯಿಯ ಮುಖ್ಯವಾದ ಪಾಲು. ಮರಿಯ ಮೈಮೇಲೆ ಮೊದಲಿಗಿರುವುದು ನುಣುಪು ತುಪ್ಪಳ ಮಾತ್ರ. ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಅದಕ್ಕೆ ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ತಾಯಿ ಮೇಯಿಸುತ್ತ ಮೇಯಿಸುತ್ತ ನಡುನಡುವೆ ಕುಳಿತು ರೆಕ್ಕೆ ಬಿಚ್ಚುತ್ತದೆ, ಮರಿಗಳು ಕಾವು ತೆಗೆದುಕೊಂಡು ಮತ್ತೆ ಹೊರಬೀಳುತ್ತವೆ. ಜನವರಿಯ ಬೆಳಗಿನಲ್ಲಿ ಈ ಕುಳಿತೇಳುವ ಲೆಕ್ಕ ಹೆಚ್ಚು, ಬಿಸಿಲೇರಿದಂತೆ ಕಡಮೆ.

ಮೇವು ಯಾವುದೆಂದು ಮರಿಗೆ ಹುಟ್ಟಿನಿಂದ ಪೂರ್ತಿ ಗೊತ್ತಿರುವುದಿಲ್ಲ. ಮೊದಮೊದಲು ಮರಳು, ತನ್ನ ಬೆರಳು, ಪಕ್ಕದ ಮರಿಯ ಕಣ್ಣು, ಹೊಳೆಯುವುದೆಲ್ಲವನ್ನೂ ಕುಕ್ಕುತ್ತದೆ. ತಾಯಿ ನೆಲ ಕೆದರಿ, ಹುಳವನ್ನೋ ನುಚ್ಚನ್ನೋ ಕೊಕ್ಕಿನಲ್ಲಿ ಎತ್ತಿ ಮತ್ತೆ ಕೆಳಗೆ ಬಿಟ್ಟು 'ಟುಕ್ ಟುಕ್ ಟುಕ್' ಎಂದು ಕರೆಯುತ್ತದೆ. ಮರಿಗಳು ಓಡಿ ಬಂದು ಅದೇ ಜಾಗದಲ್ಲಿ ಕುಕ್ಕುತ್ತವೆ. ಇದು ಬರಿಯ ಕೂಗಲ್ಲ, ಪಾಠ ಎಂಬುದನ್ನು ಇಂಗ್ಲೆಂಡಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ನಿಕೋಲ್ ಮತ್ತು ಸ್ಟುವರ್ಟ್ ಪೋಪ್ ಎಂಬವರು 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಒಂದು ಬಣ್ಣದ ಮೇವು ರುಚಿಯಲ್ಲಿ ಕೆಟ್ಟದ್ದೆಂದು ಮೊದಲು ಹೇಂಟೆಗಳಿಗೆ ಅನುಭವ ಮಾಡಿಸಿದರು. ಆಮೇಲೆ ತಮ್ಮ ಮರಿಗಳು ಅದೇ ಬಣ್ಣದ ಮೇವನ್ನು ತಿನ್ನುವಂತೆ ಕಂಡಾಗ, ಆ ತಾಯಂದಿರು ಹೆಚ್ಚು ಕೆದರಿ, ಹೆಚ್ಚು ಕುಕ್ಕಿ ತೋರಿಸಿ ಮರಿಗಳ ಗಮನವನ್ನು ಸೆಳೆಯಲು ನೋಡಿದವು. ಮರಿ ತಪ್ಪುತ್ತಿದೆಯೆಂಬುದು ತಾಯಿಯ ಗಮನಕ್ಕೆ ಬರುತ್ತದೆಂದೇ ಇದರ ಅರ್ಥ.

ಅಪಾಯಕ್ಕೂ ತಾಯಿಯ ಬಳಿ ಎರಡು ಬಗೆಯ ಮಾತುಂಟು. ಆಕಾಶದಲ್ಲಿ ಹದ್ದು ಕಂಡರೆ ಸಣ್ಣದಾಗಿ ಎಳೆದ ಒಂದು ದನಿ; ಕೂಡಲೇ ಮರಿಗಳು ಸಿಕ್ಕಿದ್ದರ ಕೆಳಗೆ ಹೊಕ್ಕು ಕಲ್ಲಿನಂತೆ ಸುಮ್ಮನಾಗುತ್ತವೆ. ನೆಲದ ಮೇಲೆ ಬೆಕ್ಕು ನಾಯಿ ಕಂಡರೆ ಬಿಡಿಬಿಡಿಯಾದ ಜೋರು ಕೂಗಾಟ. ಆಗ ಮರಿಗಳು ಓಡುತ್ತವೆ, ತಾಯಿ ಗರಿ ಕೆದರಿ ಎದುರು ನಿಲ್ಲುತ್ತದೆ. ಮೇಲಿನಿಂದ ಬರುವವನಿಗೆ ಅಲುಗಾಡುವುದೇ ಗುರಿ, ನೆಲದ ಮೇಲೆ ಬರುವವನಿಗೆ ಅಲುಗಾಡದ್ದೇ ಸುಲಭದ ಬೇಟೆ. ಇಷ್ಟು ವಿವೇಕದ ಎಚ್ಚರಿಕೆಯನ್ನು ಯಾವ ಬಲ್ಬೂ ಕೊಡಲಾರದು.

ಈ ಪಾಠವೆಲ್ಲ ನಡೆಯಬೇಕಾದರೆ ಮರಿ ತಾಯಿಯನ್ನು ತಾಯಿಯೆಂದು ಒಪ್ಪಿರಬೇಕು. ಹುಟ್ಟಿದ ಒಂದೆರಡು ದಿನದಲ್ಲಿ ಕಣ್ಣೆದುರು ಚಲಿಸುವುದನ್ನು ಮರಿ ಹಿಂಬಾಲಿಸುತ್ತದೆ. ಆ ಅವಧಿ ಕಳೆದರೆ ಹೊಸಬರಿಗೆ ಹೆದರುತ್ತದೆ. ಇಂಗ್ಲೆಂಡಿನ ಡಗ್ಲಾಸ್ ಸ್ಪಾಲ್ಡಿಂಗ್ ಎಂಬವರು 1873ರಲ್ಲಿಯೇ ಕೋಳಿಮರಿಗಳ ವಿಷಯದಲ್ಲಿ ಇದನ್ನು ಬರೆದರು. ಮುಂದೆ ಆಸ್ಟ್ರಿಯದ ಕೊನ್ರಾಡ್ ಲೊರೆಂಟ್ಸ್ ಬಾತುಮರಿಗಳಲ್ಲಿ ಇದನ್ನು ವಿಸ್ತಾರವಾಗಿ ಅಭ್ಯಾಸ ಮಾಡಿದರು, 1973ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ನಮಗೆ ಇದರಿಂದ ಏನು ಉಪಯೋಗವೆಂದರೆ, ಜಾತ್ರೆ ಸಂತೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದ ಮರಿಗಳನ್ನು ಮಾರುತ್ತಾರಲ್ಲ, ಮಕ್ಕಳು ಹಟ ಮಾಡಿ ಕೊಂಡ ಆ ಮರಿಗಳು ಎರಡು ದಿನದಲ್ಲಿ ಸತ್ತು ಮನೆಯಲ್ಲಿ ಅಳು ಎಬ್ಬಿಸುತ್ತವೆ. ಅವು ಸಾಮಾನ್ಯವಾಗಿ ಮೊಟ್ಟೆಯ ಫಾರಂಗಳಿಗೆ ಬೇಡವಾದ ಗಂಡುಮರಿಗಳು. ರೋಗಕ್ಕಿಂತ ಮೊದಲು ಅವುಗಳನ್ನು ಕೊಲ್ಲುವುದು ಚಳಿ. ಕೊಳ್ಳದಿರುವುದೇ ಉತ್ತಮ. ಮನೆಗೆ ಬಂದೇಬಿಟ್ಟರೆ, ಅದೇ ದಿನ ಮರಿ ಮಾಡಿದ ಹೇಂಟೆ ಅಕ್ಕಪಕ್ಕದಲ್ಲಿದ್ದರೆ, ಕತ್ತಲಲ್ಲಿ ಅದರ ಎದೆಯಡಿಗೆ ಮೆಲ್ಲನೆ ಸರಿಸಿ ನೋಡಬೇಕು. ಹಗಲು ಕೊಟ್ಟರೆ ಕುಕ್ಕಿ ಅಟ್ಟುತ್ತದೆ. ರಾತ್ರಿ ಕೊಟ್ಟದ್ದನ್ನು ಬೆಳಗ್ಗೆ ಅನೇಕ ಸಲ ತನ್ನದೆಂದೇ ಎಣಿಸುತ್ತದೆ. ಮರಿ ಎರಡು ದಿನಕ್ಕಿಂತ ದೊಡ್ಡದಾಗಿದ್ದರೆ ಕೆಲಸ ಕಷ್ಟ. ಮಾನ್ಯತೆಯಿರುವ ಮರಿಕೇಂದ್ರದಿಂದ ತಂದ ವನರಾಜ ಗಿರಿರಾಜ ಮರಿಗಳನ್ನೂ ಹೀಗೆಯೇ ನಾಟಿ ಹೇಂಟೆಯ ಮಡಿಲಿಗೆ ಹಾಕಬಹುದು. ಕಾವು ಕೂರದ ತಳಿಗೆ ಸಾಕುತಾಯಿ ಸಿಕ್ಕಂತಾಯಿತು.

ಇಷ್ಟೆಲ್ಲ ಬಲ್ಲ ತಾಯಿಗೆ ಒಂದು ಕೊರತೆಯಿದೆ. ಅದರ ತಿಳಿವಳಿಕೆ ಕಾಡಿನದು, ನಮ್ಮ ಓಣಿಯದಲ್ಲ. ಕಾಡಿನಲ್ಲಿ ಪೊದೆಯಿತ್ತು, ಇಲ್ಲಿ ಸಿಮೆಂಟಿನ ಅಂಗಳ, ಹೊಕ್ಕಲು ಮರೆಯಿಲ್ಲ. ತಾಯಿ ಎಚ್ಚರಿಸಿದರೂ ಮರಿ ಎಲ್ಲಿ ಅಡಗಬೇಕು? ಕಾಗೆ ಎರಡು ಬಂದರೆ ಒಂದು ತಾಯಿಯನ್ನು ಆಡಿಸುತ್ತದೆ, ಮತ್ತೊಂದು ಮರಿ ಎತ್ತುತ್ತದೆ. ಆದುದರಿಂದ ಮೊದಲ ಎರಡು ಮೂರು ವಾರ ತಾಯಿಯನ್ನು ಅಡ್ಡಾಡಿಸದೆ ಒಂದೇ ಕಡೆ ಇಡುವುದು ನಮ್ಮ ಪಾಲಿನ ಮೊದಲ ಕೆಲಸ. ಬೆರಳು ಎರಡು ಹೋಗುವಷ್ಟು ಸಂದಿರುವ ಬಿದಿರ ಬುಟ್ಟಿಯನ್ನು ಕವುಚಿ ತಾಯಿಯನ್ನು ಅದರೊಳಗೆ ಇಟ್ಟರೆ, ಮರಿಗಳು ಸಂದಿಯಿಂದ ಹೊರಗೆ ಬಂದು ಆಡಿ, ತಾಯಿ ಕೂಗಿದಾಕ್ಷಣ ಒಳಗೆ ನುಗ್ಗುತ್ತವೆ. ಬುಟ್ಟಿಯ ಸುತ್ತ ಹಳೆಯ ಮೀನುಬಲೆಯನ್ನೋ ಸೀರೆಯನ್ನೋ ಚಪ್ಪರದಂತೆ ಎತ್ತಿ ಕಟ್ಟಿದರೆ ಕಾಗೆಯ ಕಾಟ ತಪ್ಪಿತು. ದಿನದಲ್ಲಿ ಒಂದೆರಡು ಸಲ, ಮನೆಯವರು ಯಾರಾದರೂ ಹತ್ತಿರವಿರುವಾಗ, ತಾಯಿಯನ್ನು ಬಿಟ್ಟು ಮೇಯಿಸಿಕೊಳ್ಳಲಿ. ರಾತ್ರಿ ಮಾತ್ರ ಬುಟ್ಟಿ ಸಾಲದು. ಹೆಗ್ಗಣ ಸಂದಿಯಲ್ಲಿ ಕೈಹಾಕಿ ಮರಿ ಎಳೆಯುತ್ತದೆ. ಕೆಳಗೆ ಹಲಗೆ, ಸುತ್ತ ಸಣ್ಣ ಕಣ್ಣಿನ ಜಾಲರಿ, ಗಾಳಿಗೆ ಮೇಲ್ಗಡೆ ತೆರವು ಇರುವ ಪೆಟ್ಟಿಗೆ ಬೇಕು. ಬೇಗಂ ಬಜಾರಿನ ಹಣ್ಣು ಸಾಮಾನಿನ ಮರದ ಪೆಟ್ಟಿಗೆಗೆ ಜಾಲರಿ ಬಡಿದರೆ ಅದೇ ಆಗುತ್ತದೆ.

ನೀರನ್ನು ಆಳದ ಪಾತ್ರೆಯಲ್ಲಿ ಇಡಬಾರದು. ಮರಿ ಮುಳುಗಿ ಸಾಯುತ್ತದೆ. ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ, ಅವುಗಳ ನಡುವೆ ನೀರು ನಿಲ್ಲುವಂತೆ ಮಾಡಬೇಕು. ಮೇವಿನ ವಿಷಯದಲ್ಲಿ, ತಾಯಿ ಕೆದರಿ ತೋರಿಸಲು ಒಳ್ಳೆಯ ನೆಲ ನಗರದಲ್ಲಿ ಇಲ್ಲವಾದ್ದರಿಂದ, ಬರಿಯ ನುಚ್ಚಿನಿಂದ ಮರಿ ಬೆಳೆಯುವುದಿಲ್ಲ. ಜೋಳದ ನುಚ್ಚು, ಸಜ್ಜೆ, ಇಲ್ಲಿಯವರು ನೂಕಲು ಎನ್ನುವ ಅಕ್ಕಿನುಚ್ಚು ಹೊಟ್ಟೆ ತುಂಬಿಸುತ್ತವೆ, ಗರಿ ಮೂಳೆ ಬೆಳೆಸುವುದಿಲ್ಲ. ಅಂಗಡಿಯ ಮರಿಮೇವಿನಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಪಾಲು ಸಸಾರಜನಕ ಇರುತ್ತದೆ. ಮೊದಲ ತಿಂಗಳು ಅದನ್ನು ಕೊಟ್ಟರೆ ಹಾಕಿದ ಹಣ ಮರಳುತ್ತದೆ. ಸಾಧ್ಯವಿಲ್ಲದಿದ್ದರೆ ಬೇಯಿಸಿದ ಮೊಟ್ಟೆಯ ಚೂರು, ಶೇಂಗಾ ಹಿಂಡಿ, ನುಗ್ಗೆಸೊಪ್ಪು, ಗೆದ್ದಲು. ಸಗಣಿ, ಹುಲ್ಲು ತುಂಬಿದ ಮಡಕೆಯನ್ನು ಗೆದ್ದಲಿರುವ ಕಡೆ ಕವುಚಿಟ್ಟು ಮರುದಿನ ಎತ್ತಿದರೆ ಮರಿಗಳಿಗೆ ಹಬ್ಬ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಎಸೆಯಲೇಬೇಕು, ಅದು ವಿಷ. ಮೊಟ್ಟೆಯಿಡುವ ಕೋಳಿಯ ಮೇವನ್ನು ಮರಿಗೆ ಹಾಕಬಾರದು. ಅದರಲ್ಲಿರುವ ಸುಣ್ಣದಂಶ ಎಳೆಯ ಮೂತ್ರಪಿಂಡಕ್ಕೆ ಹೊರೆ. ಮರಿಮೇವನ್ನು ತಾಯಿಯೂ ತಿಂದರೆ ಅಡ್ಡಿಯಿಲ್ಲ, ಆದರೆ ಎಲ್ಲವನ್ನೂ ತಾಯಿಯೇ ತಿಂದು ಮುಗಿಸಬಾರದಲ್ಲ. ಅದಕ್ಕೂ ಸಂದಿಯ ಬುಟ್ಟಿಯೇ ಉಪಾಯ. ಈ ಸಲ ಮೇವನ್ನು ಬುಟ್ಟಿಯೊಳಗೆ, ತಾಯಿಯನ್ನು ಹೊರಗೆ ಇಟ್ಟರಾಯಿತು.

ಮೂರನೆಯ ವಾರ ಕಳೆದ ಮೇಲೆ ಮರಿ ತೂಕಡಿಸಿ ರಕ್ತದ ಹಿಕ್ಕೆ ಹಾಕಿದರೆ ಅದು ಕಾಕ್ಸಿಡಿಯ ಎಂಬ ಸೂಕ್ಷ್ಮಜೀವಿಯ ಕೆಲಸ. ಅದರ ತತ್ತಿ ಹಿಕ್ಕೆಯಲ್ಲಿ ಹೊರಬಿದ್ದು, ಬೆಚ್ಚನೆಯ ಒದ್ದೆ ಹಾಸಿನಲ್ಲಿ ಒಂದೆರಡು ದಿನದಲ್ಲಿ ಬಲಿತು, ಮತ್ತೊಂದು ಮರಿಯ ಹೊಟ್ಟೆ ಸೇರುತ್ತದೆ. ಒಣಗಿದ್ದರೆ ಬಲಿಯುವುದಿಲ್ಲ. ಮಳೆಗಾಲದಲ್ಲಿ ದಿನವೂ ಹಾಸು ಬದಲಿಸುವುದಕ್ಕೆ ಸಮನಾದ ಔಷಧವಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಪಶುವೈದ್ಯರು ಹೇಳಿದ ಮದ್ದನ್ನು ನೀರಿನಲ್ಲಿ ಕೊಡಬೇಕು.

ಇವೆಲ್ಲಕ್ಕಿಂತ ದೊಡ್ಡದು ಕೊಕ್ಕರೆ ರೋಗ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು, ರೆಕ್ಕೆ ಕಾಲು ಬೀಳುವುದು. ಎರಡು ಮೂರು ದಿನದಲ್ಲಿ ಓಣಿಯೇ ಖಾಲಿ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲೂ ಕಾಣಿಸಿಕೊಂಡ ಈ ಪಿಡುಗು ಸ್ವಲ್ಪದರಲ್ಲೇ ಕುಮಾವೂಂ ಬೆಟ್ಟದ ರಾಣಿಖೇತಿನಲ್ಲಿ ಪತ್ತೆಯಾಗಿ, ನಮ್ಮ ದೇಶದಲ್ಲಿ ರಾಣಿಖೇತ್ ರೋಗವೆಂದೇ ಹೆಸರಾಯಿತು. ಬಂದ ಮೇಲೆ ಮದ್ದಿಲ್ಲ. ಇಲ್ಲಿ ತಾಯಿಯ ರೆಕ್ಕೆ ಏನೂ ಮಾಡಲಾರದು. ತಾಯಿಗೆ ಮೊದಲೇ ಲಸಿಕೆಯಾಗಿದ್ದರೆ ಹಳದಿಯ ಮೂಲಕ ಮರಿಗೆ ಕೆಲವು ದಿನದ ರಕ್ಷೆ ಬರುತ್ತದೆ, ಅಷ್ಟೆ. ಆಮೇಲಿನದು ನಮ್ಮ ಹೊಣೆ. ಐದರಿಂದ ಏಳನೆಯ ದಿನದೊಳಗೆ ಲಸೋಟಾ ಅಥವಾ ಎಫ್ ಲಸಿಕೆಯ ಒಂದು ತೊಟ್ಟನ್ನು ಮರಿಯ ಕಣ್ಣಿಗೋ ಮೂಗಿಗೋ ಬಿಡುವುದು. ನಾಲ್ಕನೆಯ ವಾರ ಇನ್ನೊಂದು ತೊಟ್ಟು. ಎಂಟನೆಯ ವಾರ ಆರ್‌2ಬಿ ಎಂಬ ಸೂಜಿಮದ್ದು. ಈ ಕೊನೆಯದು ಬಲವಾದ ಲಸಿಕೆ, ಎಳೆಯ ಮರಿಗೆ ಚುಚ್ಚಬಾರದು.

ನಮ್ಮವರು ಲಸಿಕೆ ಬಿಡುವುದು ಉದಾಸೀನದಿಂದಲ್ಲ, ಸೀಸೆಯ ಲೆಕ್ಕದಿಂದ. ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಮರಿಗೆ ಆಗುವಷ್ಟೋ ಹೆಚ್ಚೋ ಇರುತ್ತದೆ. ನಮ್ಮಲ್ಲಿರುವುದು ಹತ್ತು ಮರಿ. ತಂಪಿನಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ನಾಳೆಗೆ ಬರುವುದಿಲ್ಲ. ಹತ್ತು ಮರಿಗಾಗಿ ಇಡೀ ಸೀಸೆ ಕೊಳ್ಳುವುದು ಯಾರಿಗೂ ಹೊಂದುವುದಿಲ್ಲ. ಆದರೆ ಒಂದೇ ಓಣಿಯ ಆರೇಳು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಹೇಂಟೆ ಕೂರಿಸಿದರೆ, ಮರಿಗಳೆಲ್ಲ ಒಂದೇ ವಾರದವಾಗುತ್ತವೆ; ಒಂದು ಸೀಸೆ ಎಲ್ಲರಿಗೂ ಸಾಕು, ಖರ್ಚು ತಲೆಗೆ ಚಹದ ದುಡ್ಡಿನಷ್ಟು. ಭಾನುವಾರ ಬೆಳಗ್ಗೆ ಒಬ್ಬರು ಥರ್ಮಾಸಿನಲ್ಲಿ ಬರ್ಫ ಹಾಕಿ ಸೀಸೆ ತರುವುದು, ಮನೆಮನೆಗೆ ಹೋಗಿ ತೊಟ್ಟು ಹಾಕುವುದು. ನೆರೆಯವರ ಕೋಳಿಗೆ ಲಸಿಕೆಯಾಗಿದ್ದರೆ ನಮ್ಮ ಕೋಳಿಗೂ ಅರ್ಧ ರಕ್ಷೆ, ರೋಗಕ್ಕೆ ಗೋಡೆಯಿಲ್ಲವಲ್ಲ. ಲಸಿಕೆಯ ವಿಚಾರವನ್ನು ಸರಕಾರಿ ಪಶುಆಸ್ಪತ್ರೆಯಲ್ಲಿ ಕೇಳಬಹುದು. ಕಾಚಿಗುಡಾ ಕಡೆಯವರಿಗೆ ನಾರಾಯಣಗುಡದ ಆಸ್ಪತ್ರೆ ಹತ್ತಿರ. ತೆಲುಗು ಬಾರದವರು 'ಕೋಡಿ ಪಿಲ್ಲಲಕು ಟೀಕಾ' ಎಂದರೆ ಸಾಕು.

ಸತ್ತ ಕೋಳಿಯನ್ನು ತಿನ್ನುವುದು, ತಿಪ್ಪೆಗೆ ಎಸೆಯುವುದು ಎರಡೂ ಕೂಡದು. ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಒಮ್ಮೆಗೇ ಅನೇಕ ಸತ್ತರೆ ಪಶುವೈದ್ಯರಿಗೆ ತಿಳಿಸಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಈ ದೇಶದಲ್ಲಿ ಮೊದಲ ಬಾರಿಗೆ ಪತ್ತೆಯಾದ ಮೇಲೆ ಇದು ಮನೆಮಂದಿಯ ಆರೋಗ್ಯದ ಮಾತೂ ಆಗಿದೆ. ಕೋಳಿ ಮುಟ್ಟಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆಯುವ ರೂಢಿ ಇರಲಿ.

ತಾಯಿ ಮರಿಗಳನ್ನು ಯಾವಾಗ ಅಗಲಿಸಬೇಕು? ಬಿಟ್ಟರೆ ನಾಟಿ ಹೇಂಟೆ ಎರಡು, ಎರಡೂವರೆ ತಿಂಗಳು ಮರಿಗಳ ಹಿಂದೆ ಇರುತ್ತದೆ, ಆಮೇಲೆ ತಾನೇ ಕುಕ್ಕಿ ದೂರ ಮಾಡುತ್ತದೆ. ಲೆಕ್ಕ ಹೀಗೆ: ಮೊಟ್ಟೆಯಿಡುವುದು ಮೂರು ವಾರ, ಕಾವು ಮೂರು ವಾರ, ಮರಿ ಮೇಯಿಸುವುದು ಒಂಬತ್ತು ಹತ್ತು ವಾರ, ವರ್ಷಕ್ಕೆ ಮೂರು ಸುತ್ತು. ಐದನೆಯ ವಾರಕ್ಕೆ ಅಗಲಿಸಿದರೆ ಒಂದು ಸುತ್ತು ಹನ್ನೊಂದು ವಾರಕ್ಕೆ ಇಳಿದು, ವರ್ಷಕ್ಕೆ ಒಂದು ಸುತ್ತು ಹೆಚ್ಚಾಗುತ್ತದೆ. ಅಷ್ಟರಲ್ಲಿ ಮರಿಗೆ ಗರಿ ಬಂದಿರುತ್ತದೆ, ಕಾವು ಬೇಕಿಲ್ಲ, ಮೇವಿನ ಪಾಠವೂ ಆಗಿರುತ್ತದೆ. ಆದರೆ ಡಿಸೆಂಬರ್ ಜನವರಿಯ ಚಳಿಯಲ್ಲಿ, ಅಥವಾ ಕಾಗೆ ಬೆಕ್ಕುಗಳ ಕಾಟ ವಿಪರೀತವಾಗಿರುವ ಕಡೆ, ಆ ಒಂದು ಸುತ್ತಿನ ಆಸೆಗೆ ಬೀಳಬಾರದೆಂದು ನಮ್ಮ ಅಭಿಪ್ರಾಯ. ಎಂಟು ವಾರ ಇರಲಿ. ಅಗಲಿಸುವಾಗ ತಾಯಿಯನ್ನು ಬೇರೆ ಕಡೆಗೆ ಒಯ್ಯಬೇಕು, ಮರಿಗಳನ್ನು ಅವು ಬಲ್ಲ ಜಾಗದಲ್ಲಿಯೇ ಬಿಡಬೇಕು. ಎರಡು ರಾತ್ರಿ ಕೂಗಾಡುತ್ತವೆ. ಮನೆಯೊಡೆಯನಿಗೆ ಮುಂಚಿತವಾಗಿ ಒಂದು ಮಾತು ಹೇಳಿಟ್ಟರೆ ಒಳ್ಳೆಯದು. ಮೂರನೆಯ ರಾತ್ರಿ ಮರಿಗಳು ಒಂದಕ್ಕೊಂದು ಒತ್ತಿ ತಾವಾಗಿ ಮಲಗುತ್ತವೆ, ತಾಯಿ ಕೆಲವು ದಿನದಲ್ಲಿ ಕೆಂಪೇರಿದ ಜುಟ್ಟಿನೊಡನೆ ಹುಂಜದ ಹತ್ತಿರ ತಿರುಗಲಾರಂಭಿಸುತ್ತದೆ. ಎಂಟನೆಯ ವಾರದ ಸೂಜಿಮದ್ದು ಹಾಕಿಸುವಾಗ ಅದೇ ಸೀಸೆಯಿಂದ ತಾಯಿಗೂ ಒಂದು ಹಾಕಿಸಿದರೆ ಮುಂದಿನ ಸಲದ ಮೊಟ್ಟೆಯ ಹಳದಿಯಲ್ಲಿ ಆ ರಕ್ಷೆ ಸೇರಿ ಬರುತ್ತದೆ.